ಹುಳದ ಹಿಕ್ಕೆ, ಎರೆಗೊಬ್ಬರ ಮತ್ತು ಕೇರಿಗೆ ಸಿಗದ ತಿಪ್ಪೆಜಾಗ



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ.

ಬೆಂಗಳೂರಿನ ಹಸಿರು ಮಾರ್ಗದ ಮೆಟ್ರೋ ಹತ್ತಿ ಕನಕಪುರ ರಸ್ತೆ ಕಡೆಗೆ ಕೊನೇವರೆಗೂ ಹೋದ್ರೆ ವಾಜರಹಳ್ಳಿ, ತಲಘಟ್ಟಪುರ, ಆಮೇಲೆ ‘ರೇಷ್ಮೆ ಸಂಸ್ಥೆ’. 2021ರ ಜನವರಿಯಲ್ಲಿ ಈ ನಿಲ್ದಾಣಗಳು ತೆರೆದವು. ದಿನಾ ಅಲ್ಲಿ ಇಳಿಯೋ ಎಷ್ಟೋ ಜನಕ್ಕೆ ಅದು ಯಾವ ಸಂಸ್ಥೆ ಅಂತ ಗೊತ್ತಿಲ್ಲ, ಸೀರೆ ಅಂಗಡಿ ಅಂದುಕೊಂಡವರನ್ನೂ ನೋಡಿದ್ದೀನಿ. ಅದು ತಲಘಟ್ಟಪುರದಲ್ಲಿರುವ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ. ವಿಶ್ವ ಬ್ಯಾಂಕಿನ ನೆರವಿನಲ್ಲಿ ರಾಜ್ಯದ ರೇಷ್ಮೆ ಯೋಜನೆ ಶುರುವಾದ 1980ರ ಹೊತ್ತಿನದು. ಹಿಪ್ಪುನೇರಳೆ ತಳಿ, ಹುಳದ ತಳಿ, ರೋಗ, ಗೊಬ್ಬರ, ತರಬೇತಿ, ಇವೆಲ್ಲ ಇಂಥ ಸಂಸ್ಥೆಗಳ ಕೆಲಸ.

ಅದೇ ರಸ್ತೆಯ ನರ್ಸರಿಗಳಲ್ಲಿ ಈಗ ಎರೆಗೊಬ್ಬರ ಪ್ಲಾಸ್ಟಿಕ್ ಚೀಲದಲ್ಲಿ ಮಾರಾಟಕ್ಕಿದೆ. ಜೆ.ಪಿ. ನಗರ, ಬನಶಂಕರಿಯ ತಾರಸಿ ತೋಟದವರು ಕಾರಲ್ಲಿ ಬಂದು ಒಯ್ತಾರೆ. ಚೀಲದ ಮೇಲೆ ‘ನೈಸರ್ಗಿಕ’, ‘ಶುದ್ಧ’ ಅಂತ ಬರೆದಿರುತ್ತೆ. ‘ಶುದ್ಧ’ ಅನ್ನೋ ಮಾತು ಗೊಬ್ಬರದ ಮೇಲೆ ಬಂದು ಕೂತಿದ್ದು ಯಾವಾಗ? ನಮ್ಮವ್ವ, ನಮ್ಮಜ್ಜಿ ಇದೇ ಗೊಬ್ಬರ ಹೊತ್ತಾಗ ಅದಕ್ಕಿದ್ದ ಹೆಸರು ಬೇರೆ, ಅವರಿಗಿದ್ದ ಹೆಸರೂ ಬೇರೆ. ಈ ಚರಿತ್ರೆ ಬರೀಬೇಕು ಅನ್ನಿಸಿದ್ದು ಆ ಚೀಲ ನೋಡಿ.

ಮೊದಲು ರೇಷ್ಮೆಯ ಲೆಕ್ಕ ಹೇಳ್ತೀನಿ. ಲೆಕ್ಕ ಗೊತ್ತಿಲ್ಲದೆ ಈ ಕಥೆ ಅರ್ಥ ಆಗಲ್ಲ.

ರೇಷ್ಮೆಹುಳ ಮೊಟ್ಟೆಯಿಂದ ಒಡೆದು ಗೂಡು ಕಟ್ಟೋಕೆ 24ರಿಂದ 28 ದಿನ. ಈ ನಡುವೆ ನಾಲ್ಕು ಸಲ ಪೊರೆ ಬಿಡುತ್ತೆ, ರೈತರು ಅದನ್ನ ‘ಜ್ವರ’ ಅಂತಾರೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳಕ್ಕೆ ಬಕಾಸುರನ ಹಸಿವು. ಇಡೀ ಬದುಕಲ್ಲಿ ತಿನ್ನೋ ಸೊಪ್ಪಿನ ಶೇ. 80ಕ್ಕೂ ಹೆಚ್ಚು ಪಾಲು ಆ ಕೊನೆಯ ವಾರದಲ್ಲೇ ತಿನ್ನುತ್ತೆ. ನೂರು ಮೊಟ್ಟೆಯ ಬೆಳೆಗೆ, ಅಂದ್ರೆ ನೂರು ಚಿಟ್ಟೆ ಇಟ್ಟ ಮೊಟ್ಟೆಗೆ, ಹೆಚ್ಚುಕಮ್ಮಿ ಒಂದು ಟನ್ ಸೊಪ್ಪು ಬೇಕು. ತಿಂದಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹಿಕ್ಕೆಯಾಗಿ ಹೊರಗೆ ಬರುತ್ತೆ. ಜೊತೆಗೆ ತಿನ್ನದೆ ಬಿಟ್ಟ ಸೊಪ್ಪು, ಕಡ್ಡಿ, ಪೊರೆ, ಸತ್ತ ಹುಳ. ಒಂದು ಹೆಕ್ಟೇರ್ ಹಿಪ್ಪುನೇರಳೆ ತೋಟದಿಂದ ವರ್ಷಕ್ಕೆ 12ರಿಂದ 15 ಟನ್ ಇಂಥ ತ್ಯಾಜ್ಯ ಬರುತ್ತೆ ಅಂತ ರೇಷ್ಮೆ ವಿಜ್ಞಾನಿಗಳ ಅಂದಾಜು.

ಅಲ್ಲಿಗೆ ಮುಗಿಯಲ್ಲ. ಗೂಡು ಮಾರ್ಕೆಟ್ಟಿಗೆ ಹೋಗಿ, ಅಲ್ಲಿಂದ ನೂಲು ಬಿಚ್ಚೋ ಮನೆಗೆ ಹೋದ್ರೆ, ಒಂದು ಕೆ.ಜಿ. ನೂಲಿಗೆ ಏಳೆಂಟು ಕೆ.ಜಿ. ಗೂಡು ಬೇಯಿಸಬೇಕು. ಬಾಕಿ ಉಳಿಯೋದು ಬೆಂದ ಹುಳ. ರಾಮನಗರದಲ್ಲಿ ಬೆಳಿಗ್ಗೆ ಓಡಾಡಿದವರಿಗೆ ಆ ವಾಸನೆ ಹೇಳಬೇಕಾಗಿಲ್ಲ. ಮದುವೆ ಮನೆಗೆ ಹೋಗೋ ಒಂದು ಪಟ್ಟೆಸೀರೆಯ ಹಿಂದೆ ಬುಟ್ಟಿಗಟ್ಟಲೆ ಹಿಕ್ಕೆ ಮತ್ತು ಬೆಂದ ಹುಳ ಇದೆ.

ಈಗ ನೋಡಿ ತಮಾಷೆ. ಹತ್ತಿಬಟ್ಟೆಯನ್ನ ಒಗೆದು, ಯಾರೂ ಮುಟ್ಟದ ಹಾಗೆ ಒಣಗಿಸಿದರೆ ಮಾತ್ರ ಮಡಿ. ರೇಷ್ಮೆಗೆ ಆ ತಾಪತ್ರಯ ಕಮ್ಮಿ, ಅದು ಹುಟ್ಟುತ್ತಲೇ ಮಡಿ ಅನ್ನೋ ಹಾಗೆ. ಪೂಜೆಗೆ, ಶ್ರಾದ್ಧಕ್ಕೆ, ಧಾರೆಗೆ ರೇಷ್ಮೆಯೇ ಆಗಬೇಕು. ಹುಳ ಸಾಕಿದ ಕೈ, ಹಿಕ್ಕೆ ತೆಗೆದ ಕೈ, ಕುದಿಯೋ ನೀರಲ್ಲಿ ಎಳೆ ಹುಡುಕಿದ ಕೈ, ಇವು ಯಾವುದೂ ಮಡಿಯವರ ಕೈಯಲ್ಲ. ಬಿಚ್ಚಾಣಿಕೆ ಮನೆಗಳಲ್ಲಿ ದುಡಿದವರು ಹೆಚ್ಚಾಗಿ ಮುಸ್ಲಿಮರು ಮತ್ತು ನಮ್ಮವರು, ಮಕ್ಕಳೂ ಸೇರಿ. ಸಾಲಕ್ಕೆ ಒತ್ತೆಯಾಳುಗಳ ಹಾಗೆ ದುಡಿದ ಆ ಮಕ್ಕಳ ಬಗ್ಗೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಒಂದು ದೊಡ್ಡ ವರದಿಯನ್ನೇ ತಂದಿತ್ತು. ಕರ್ನಾಟಕವೂ ಅದರಲ್ಲಿತ್ತು.

ಇಷ್ಟೆಲ್ಲ ಕೈಗಳ ಮುಟ್ಟುವಿಕೆ ದಾಟಿ ಬಂದ ಎಳೆ ಮಡಿಯಾಗಿ ಉಳಿಯುತ್ತೆ. ಮುಟ್ಟಿದ ಕೈ ಮಾತ್ರ ಮೈಲಿಗೆಯಾಗಿ ಉಳಿಯುತ್ತೆ. ಯಾವ ಶಾಸ್ತ್ರ ಇದನ್ನ ವಿವರಿಸುತ್ತೋ ನನಗಂತೂ ಹೊಳೆದಿಲ್ಲ.

ಮೈಸೂರು ಸೀಮೆಗೆ ರೇಷ್ಮೆಯನ್ನ ದೊಡ್ಡ ಮಟ್ಟದಲ್ಲಿ ತಂದವನು ಟಿಪ್ಪು. 1780ರ ದಶಕದಲ್ಲಿ ಬಂಗಾಳದಿಂದ, ಮಸ್ಕತ್ತಿನ ಕಡೆಯಿಂದ ಹುಳ ಮತ್ತು ಹುಳ ಬಲ್ಲವರನ್ನ ತರಿಸೋಕೆ ಅವನು ಬರೆದ ಕಾಗದಗಳು ಉಳಿದಿವೆ. ನಂತರದ ಶತಮಾನದಲ್ಲಿ ರೋಗ ಬಿದ್ದು ಕಸುಬು ಸೊರಗಿತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಜೆಮ್‌ಶೇಟ್‌ಜಿ ಟಾಟಾ ಬಸವನಗುಡಿಯ ಹತ್ತಿರ ಜಪಾನಿನ ತಜ್ಞರನ್ನ ಕರೆಸಿ ರೇಷ್ಮೆ ಫಾರಂ ಮಾಡಿಸಿದರು. ‘ಟಾಟಾ ಸಿಲ್ಕ್ ಫಾರಂ’ ಅಂತ ಇವತ್ತಿಗೂ ಆ ಜಾಗದ ಹೆಸರಿದೆ, ಹಿಪ್ಪುನೇರಳೆ ಗಿಡ ಇಲ್ಲ. 1912ರಲ್ಲಿ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ, ಆಮೇಲೆ ಚನ್ನಪಟ್ಟಣದ ಸರ್ಕಾರಿ ಫಾರಂ ಮತ್ತು ಮೊಟ್ಟೆ ಕೇಂದ್ರ, 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ, 1961ರಲ್ಲಿ ಮೈಸೂರಿನ ಕೇಂದ್ರೀಯ ಸಂಶೋಧನಾ ಸಂಸ್ಥೆ. ಈ ಸಾಲಿನಲ್ಲಿ ಕೊನೆಗೆ ಬಂದದ್ದು ತಲಘಟ್ಟಪುರ. ರಾಜ, ದಿವಾನ, ಸಾಹುಕಾರ, ತಜ್ಞ, ಬ್ಯಾಂಕು, ಎಲ್ಲರ ಹೆಸರೂ ಈ ಚರಿತ್ರೆಯಲ್ಲಿದೆ. ಹಿಕ್ಕೆ ತೆಗೆದವರದ್ದೊಂದು ಬಿಟ್ಟು.

ಹಿಕ್ಕೆ ತೆಗೆಯೋದು ಸಣ್ಣ ಕೆಲಸ ಅಲ್ಲ, ಇದನ್ನ ಒತ್ತಿ ಹೇಳ್ತೀನಿ. 1865ರಲ್ಲಿ ಫ್ರಾನ್ಸಿನ ರೇಷ್ಮೆ ಕಸುಬು ಗಂಟುರೋಗದಿಂದ ನೆಲ ಕಚ್ಚಿದಾಗ ಲೂಯಿ ಪಾಶ್ಚರ್‌ನನ್ನ ಅಲ್ಲಿಗೆ ಕಳಿಸಿದರು. ಐದು ವರ್ಷ ಅದರಲ್ಲೇ ಮುಳುಗಿ ಅವನು ಕಂಡುಕೊಂಡಿದ್ದು ಏನು? ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತೆ, ಮತ್ತೆ ರೋಗದ ಹುಳದ ಹಿಕ್ಕೆ ಬಿದ್ದ ಸೊಪ್ಪು ತಿಂದು ಉಳಿದ ಹುಳಕ್ಕೆ ಹರಡುತ್ತೆ. ಅಂದ್ರೆ ಹುಳದ ಮನೆಯ ಆರೋಗ್ಯ ನಿಂತಿರೋದು ಹಾಸಿಗೆ ಎಷ್ಟು ಚೆನ್ನಾಗಿ ಬದಲಾಯಿಸ್ತೀರಿ, ಹಿಕ್ಕೆ ಎಷ್ಟು ದೂರ ಒಯ್ತೀರಿ ಅನ್ನೋದರ ಮೇಲೆ. ಗಂಟುರೋಗ ಮಾತ್ರ ಅಲ್ಲ. ಹಾಲುತೊಂಡೆ, ಸುಣ್ಣಕಟ್ಟು, ಸಪ್ಪೆರೋಗ ಎಲ್ಲದಕ್ಕೂ ಇದೇ ದಾರಿ. 1980ರಲ್ಲಿ ಬಂಗಾಳದ ಕಡೆಯಿಂದ ಊಜಿ ನೊಣ ಕರ್ನಾಟಕಕ್ಕೆ ಬಂದ ಮೇಲೆ ಇನ್ನೊಂದು ಕಾಟ ಸೇರಿತು. ಊಜಿಯ ಮರಿಹುಳ ನೆಲದ ಬಿರುಕಲ್ಲಿ, ಕಸದಲ್ಲಿ ಅಡಗಿ ಕೋಶ ಕಟ್ಟುತ್ತೆ. ಮನೆ ಮುಂದೇನೇ ಹಿಕ್ಕೆ ಸುರಿದರೆ ಮುಂದಿನ ಬೆಳೆಗೆ ನೀವೇ ರೋಗ ಸಾಕಿದ ಹಾಗೆ.

ನಮ್ಮವ್ವ ಕನಕಪುರ ರಸ್ತೆಯ ಆಚೆ ಒಂದು ಊರಲ್ಲಿ ಹುಳದ ಮನೆಗೆ ಕೂಲಿ ಹೋಗ್ತಿದ್ದವಳು. ಅವಳು ಹೇಳೋದು ಹೀಗೆ. ಚಾಕಿ ಹುಳ, ಅಂದ್ರೆ ಎರಡನೇ ಜ್ವರದವರೆಗಿನ ಎಳೇ ಹುಳ ಇರೋವಾಗ ಕೇರಿಯವರಿಗೆ ಒಳಗೆ ಪ್ರವೇಶ ಇಲ್ಲ. ಸೊಪ್ಪು ಕೊಯ್ದು ತಂದು ಜಗಲಿ ಮೇಲೆ ಇಡಬೇಕು, ಮನೆಯವರು ಒಳಗೆ ತಗೋತಾರೆ. ಹುಳ ಅಂದ್ರೆ ಲಕ್ಷ್ಮಿ, ಸೋಂಕು ಆಗಬಾರದು. ಮುಟ್ಟಾದ ಹೆಂಗಸರಿಗೂ ಅಷ್ಟೇ, ಅವರು ಆ ಮನೆಯವರೇ ಆದರೂ. ನಾಲ್ಕನೇ ಜ್ವರ ಎದ್ದು ಹುಳ ಬೆಳಗಿಂದ ರಾತ್ರಿವರೆಗೂ ಮುಕ್ಕೋಕೆ ಶುರು ಮಾಡಿದಾಗ ಕೈ ಸಾಲ್ತಿರಲಿಲ್ಲ. ಆಗ ‘ಬಾರಮ್ಮಿ ಒಳಗೆ, ತಟ್ಟೆ ಹಿಡಿ’ ಅಂತ ಅವರೇ ಕರೀತಿದ್ದರಂತೆ. ವಾರ ಕಳೆದು ಹುಳ ಹಣ್ಣಾಗಿ ಚಂದ್ರಿಕೆ ಹತ್ತಿದ ಮೇಲೆ ಮತ್ತೆ ಜಗಲಿಯಿಂದ ಆಚೆ. ‘ವರ್ಸಕ್ಕೆ ಐದು ಬೆಳೆ, ಐದು ವಾರ ನಮಗೆ ಜಾತಿ ಇರ್ತಿರಲಿಲ್ಲ’ ಅಂತ ಅವ್ವ ನಗ್ತಾಳೆ.

ಕನ್ನಡದ ಈ ‘ಸೋಂಕು’ ಅನ್ನೋ ಪದ ನೋಡಿ. ಮುಟ್ಟುವುದು ಅಂತಲೂ ಅರ್ಥ, ರೋಗ ಅಂಟುವುದು ಅಂತಲೂ ಅರ್ಥ. ಪಾಶ್ಚರ್ ಹೇಳಿದ ಸೋಂಕು ಸೂಕ್ಷ್ಮದರ್ಶಕದಲ್ಲಿ ಕಾಣುತ್ತೆ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿದ್ರೆ ಹೋಗುತ್ತೆ. ಇನ್ನೊಂದು ಸೋಂಕಿಗೆ ಯಾವ ಪುಡಿಯೂ ಇಲ್ಲ. ತೋಟದ ಯಜಮಾನ ಗದ್ದೆ ಕೆಸರು ತುಳಿದು ಕಾಲು ತೊಳೀದೆ ಚಾಕಿ ಕೋಣೆಗೆ ಹೋದರೂ ಅದು ಸೋಂಕಲ್ಲ, ಸ್ನಾನ ಮಾಡಿ ಬಂದ ನಮ್ಮವ್ವ ಹೋದರೆ ಸೋಂಕು!

ಈಗ ಆ ಹಿಕ್ಕೆಯ ಕಥೆ. ಅವ್ವ ಬುಟ್ಟಿ ತುಂಬಿ ಹೊತ್ತಿದ್ದು ಎಲ್ಲಿಗೆ? ಯಜಮಾನರ ತಿಪ್ಪೆಗೆ. ನಮ್ಮ ಮನೆಗಲ್ಲ. ತಿಪ್ಪೆ ಅನ್ನೋದನ್ನ ನಾವು ಕಸದ ಗುಡ್ಡೆ ಅಂದುಕೊಂಡಿದ್ದೀವಿ. ಹಳ್ಳಿಯಲ್ಲಿ ತಿಪ್ಪೆ ಅಂದ್ರೆ ಆಸ್ತಿ. ಯಾರ ತಿಪ್ಪೆ ಎಷ್ಟು ದೊಡ್ಡದು ಅಂತ ನೋಡಿ ಹೆಣ್ಣು ಕೊಡ್ತಿದ್ದ ಕಾಲ ಇತ್ತು. ಊರಲ್ಲಿ ಪ್ರತಿ ಒಕ್ಕಲಿನ ಮನೆಗೂ ಹಿತ್ತಲಲ್ಲೋ ಊರ ಅಂಚಲ್ಲೋ ತಿಪ್ಪೆಗುಂಡಿ. ತಿಪ್ಪೆ ಜಾಗಕ್ಕೆ ಜಗಳ, ಪಂಚಾಯ್ತಿ, ತಲೆ ಒಡೆದುಕೊಂಡಿದ್ದು ಎಲ್ಲ ಉಂಟು. ಕೇರಿಯಲ್ಲಿ ಮನೆಗೆ ಮನೆ ಒತ್ತಿಕೊಂಡಿತ್ತು, ಹಿತ್ತಲು ಅನ್ನೋದೇ ಇಲ್ಲ. ಗುಂಡಿ ತೋಡೋಕೆ ಮೂರು ಮೊಳ ನೆಲ ಇಲ್ಲದವರಿಗೆ ತಿಪ್ಪೆ ಎಲ್ಲಿಂದ? ತಿಪ್ಪೆ ಇದ್ದರೂ ಹಾಕೋಕೆ ಹೊಲ ಎಲ್ಲಿ? ಹಿಕ್ಕೆಯನ್ನ, ಸಗಣಿಯನ್ನ, ಬೂದಿಯನ್ನ ಹೊತ್ತು ತಲೆಮಾರು ಕಳೆದವರ ಹೆಸರಲ್ಲಿ ಒಂದು ತಿಪ್ಪೆಯೂ ಇರಲಿಲ್ಲ. ನನ್ನ ಪ್ರಕಾರ ಭೂಮಿಯ ಪ್ರಶ್ನೆಯನ್ನ ಅಳೆಯೋಕೆ ಇದಕ್ಕಿಂತ ಒಳ್ಳೆಯ ಕೋಲಿಲ್ಲ. ಎಕರೆ ಲೆಕ್ಕ ಆಮೇಲೆ, ತಿಪ್ಪೆಜಾಗ ಇದೆಯಾ ಕೇಳಿ ಮೊದಲು.

ತೋಟಿ, ತಳವಾರಿಕೆಗೆ ಅಂತ ಕೊಟ್ಟಿದ್ದ ಇನಾಂ ಜಮೀನು ಇತ್ತಲ್ಲ ಅನ್ನಬಹುದು. ಇತ್ತು. ಬಿಟ್ಟಿ ಚಾಕರಿಗೆ ಕಟ್ಟಿಹಾಕೋ ಹಗ್ಗ ಅದು. ಮುಂಬಯಿ ಪ್ರಾಂತ್ಯದಲ್ಲಿ ಮಹಾರ್ ವತನ್ ವಿರುದ್ಧ ಬಾಬಾಸಾಹೇಬರು 1928ರಲ್ಲೇ ಮಸೂದೆ ತಂದದ್ದು ಇದೇ ಕಾರಣಕ್ಕೆ. ನಮ್ಮಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ಆ ಜಮೀನು ಹಿಡುವಳಿ ಇದ್ದವರಿಗೆ ಮರುಮಂಜೂರಾಗಬೇಕಿತ್ತು. ಎಷ್ಟು ಕುಟುಂಬದ ಕೈಯಲ್ಲಿ ಉಳಿಯಿತು ಅನ್ನೋದನ್ನ ನಿಮ್ಮ ನಿಮ್ಮ ಊರಿನ ಹಿರಿಯರನ್ನ ಕೇಳಿ. 1978ರ ಪಿಟಿಸಿಎಲ್ ಕಾಯ್ದೆ, ಅದಕ್ಕೆ ಕಾಲಮಿತಿಯ ಅಡ್ಡಿ, 2023ರಲ್ಲಿ ಹೋರಾಡಿ ತಂದ ತಿದ್ದುಪಡಿ, ಈ ಕಥೆ ನಮ್ಮ ಬಳಗಕ್ಕೆ ಬಾಯಿಪಾಠ. ಇಲ್ಲಿ ಬೆಳೆಸಲ್ಲ.

ಬೆಂಗಳೂರಿಗೆ ಬರೋಣ. ಗೊಬ್ಬರದ ವಿಜ್ಞಾನದ ಪುಸ್ತಕಗಳಲ್ಲಿ ಎರಡು ಹೆಸರು ಬರ್ತವೆ, ಎರಡೂ ನಮ್ಮ ದೇಶದ ಊರಿನ ಹೆಸರೇ: ಇಂದೋರ್ ಪದ್ಧತಿ, ಬೆಂಗಳೂರು ಪದ್ಧತಿ. ಇಂದೋರ್ ಪದ್ಧತಿ ಆಲ್ಬರ್ಟ್ ಹೋವರ್ಡ್‌ನದು. ಯಶವಂತ ವಾಡ್ ಜೊತೆ ಸೇರಿ 1931ರಲ್ಲಿ ಪುಸ್ತಕ ತಂದ. ಹೋವರ್ಡ್ ಜಗತ್ಪ್ರಸಿದ್ಧ, ವಾಡ್ ಹೆಸರು ಗೊತ್ತಿರೋರು ಕಮ್ಮಿ. ಬೆಂಗಳೂರು ಪದ್ಧತಿ 1930ರ ದಶಕದ ಕೊನೆಗೆ ಇಲ್ಲೇ ಸಿ.ಎನ್. ಆಚಾರ್ಯ ರೂಪಿಸಿದ್ದು. ಉದ್ದನೆ ಗುಂಡಿ ತೋಡು, ಊರ ಕಸ ಒಂದು ಪದರ, ಮಲ ಒಂದು ಪದರ, ಮತ್ತೆ ಕಸ, ಮತ್ತೆ ಮಲ, ಮೇಲೆ ಮಣ್ಣು ಮುಚ್ಚು, ಆರರಿಂದ ಎಂಟು ತಿಂಗಳು ಬಿಡು. ಇಂದೋರ್ ಪದ್ಧತಿಯ ಹಾಗೆ ಮಗುಚಬೇಕಾಗಿಲ್ಲ ಅನ್ನೋದು ಅದರ ಹೆಚ್ಚುಗಾರಿಕೆ. ಪುಸ್ತಕಗಳಲ್ಲಿ ಹೀಗೇ ಇದೆ: ‘ಮಲದ ಪದರ ಹರಡಬೇಕು’. ಹರಡೋರು ಯಾರು? ಆ ವಾಕ್ಯಕ್ಕೆ ಕರ್ತೃ ಇಲ್ಲ. ತಲೆ ಮೇಲೆ ಬಕೆಟ್ಟು ಹೊತ್ತು, ಗುಂಡಿಗೆ ಇಳಿದು ಹರಡಿದವರಿಗೆ ಜಾತಿ ಇತ್ತು, ಕೇರಿ ಇತ್ತು, ಹೆಸರಿತ್ತು. ನಮ್ಮ ನಗರದ ಹೆಸರು ಜಗತ್ತಿನ ಕೃಷಿ ಪುಸ್ತಕಗಳಿಗೆ ಹೋಯಿತು, ಅವರದ್ದು ಹೋಗಲಿಲ್ಲ.

ಮಲ ಹೊರೋದನ್ನ ಈ ರಾಜ್ಯದಲ್ಲಿ ನಿಲ್ಲಿಸೋಕೆ ಹೊರಟವರು ದೇವರಾಜ ಅರಸು ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪ. ಕೇಂದ್ರದ ಕಾಯ್ದೆ ಬರೋಕೆ 1993 ಆಗಬೇಕಾಯ್ತು, ಅದು ಸಾಲದೆ 2013ರಲ್ಲಿ ಇನ್ನೊಂದು. ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದು, ಊರಿಗೆ ಊರೇ ಹೊತ್ತಿ ಉರಿದದ್ದು, ಆ ಕಿಚ್ಚಿನಿಂದ ದಲಿತ ಸಂಘರ್ಷ ಸಮಿತಿ ಎದ್ದು ಬಂದದ್ದು ನಿಮಗೆ ಗೊತ್ತು. ಬೂಸಾ ಅಂದ್ರೇನು? ಕಾಳು ಬೀಸಿ ಹಿಟ್ಟು ತೆಗೆದ ಮೇಲೆ ಉಳಿಯೋ ಹೊಟ್ಟು. ಬೆಳೆಯ ತ್ಯಾಜ್ಯ. ದನಕ್ಕೆ ಹಾಕಿದ್ರೆ ಹಾಲು, ಗುಂಡಿಗೆ ಹಾಕಿದ್ರೆ ಗೊಬ್ಬರ. ಬೈಗುಳ ಅಂದುಕೊಂಡು ಬೀದಿಗಿಳಿದವರು ಮನೆಯ ಹಸುವಿಗೆ ಬೆಳಿಗ್ಗೆ ಅದನ್ನೇ ಹಾಕಿ ಬಂದಿರ್ತಾರೆ, ಅದು ಬೇರೆ ಮಾತು.

1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಬಂತು. ಹೊಸೂರು ರಸ್ತೆ ಕಡೆ, ಈಗಿನ ಎಚ್.ಎಸ್.ಆರ್. ಬಡಾವಣೆಯ ಪಕ್ಕ. ಊರಿನ ಕಸ ಅಲ್ಲಿ ಗೊಬ್ಬರವಾಗ್ತಿತ್ತು. ಸುತ್ತ ಬಡಾವಣೆ ಎದ್ದ ಮೇಲೆ ವಾಸನೆ ಬರ್ತದೆ, ಮುಚ್ಚಿ ಅಂತ ಗಲಾಟೆ. ವಾಸನೆ ಬರುತ್ತೆ ನಿಜ, ಅವರ ದೂರು ಸುಳ್ಳಲ್ಲ. ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡದೆ ಕೊಟ್ಟವರೂ ಅವರೇ, ಅದನ್ನ ಕೈಯಲ್ಲಿ ಬೇರೆ ಮಾಡಿದವರು ಪೌರಕಾರ್ಮಿಕರು.

ಇನ್ನು ಎರೆಹುಳ. ಡಾರ್ವಿನ್ ಸಾಯೋಕೆ ಮುಂಚಿನ ವರ್ಷ, 1881ರಲ್ಲಿ, ಎರೆಹುಳದ ಮೇಲೊಂದು ಪುಸ್ತಕ ಬರೆದ. ಮೇಲ್ಮಣ್ಣು ಅನ್ನೋದೇ ಇವುಗಳ ಹೊಟ್ಟೆಯೊಳಗಿಂದ ಹಾದು ಬಂದದ್ದು ಅಂತ ವರ್ಷಗಟ್ಟಲೆ ಅಳೆದು ತೋರಿಸಿದ. ಹುಳವನ್ನ ಸಾಕಿ ಗೊಬ್ಬರ ಮಾಡೋದು ನಮ್ಮಲ್ಲಿ ಗಟ್ಟಿಯಾಗಿ ಶುರುವಾಗಿದ್ದು 1980ರ ದಶಕದಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ರಾಧಾ ಕಾಳೆ ಮತ್ತು ಕುಬ್ರಾ ಬಾನು ಅನ್ನೋ ಇಬ್ಬರು ಹೆಣ್ಣುಮಕ್ಕಳು ಎರೆಹುಳ ಸಾಕಿ, ಗೊಬ್ಬರ ಮಾಡಿ, ಹೊಲದಲ್ಲಿ ಹಾಕಿ ಪರೀಕ್ಷೆ ಮಾಡಿದರು. ಈ ಚರಿತ್ರೆಯಲ್ಲಿ ನಾನು ಖುಷಿಯಿಂದ ಬರೆಯೋ ಹೆಸರುಗಳಿವು. ಅವರು ಆರಿಸಿಕೊಂಡ ಹುಳ ಯೂಡ್ರಿಲಸ್, ಆಫ್ರಿಕಾ ಮೂಲದ್ದು. ಮೇಲ್ಪದರದಲ್ಲೇ ಇದ್ದು, ಬೇಗ ತಿಂದು, ಬೇಗ ಮರಿ ಮಾಡುತ್ತೆ. ಇವತ್ತು ರಾಜ್ಯದ ಎಷ್ಟೋ ತೊಟ್ಟಿಗಳಲ್ಲಿರೋದು ಅದರ ಸಂತಾನ. ಹುಳ ಎಲ್ಲಿಯದು ಅಂತ ಯಾರೂ ಮೂಲ ಕೇಳಲಿಲ್ಲ, ಮನುಷ್ಯರಿಗೆ ಮಾತ್ರ ಆ ಕಾಟ.

ರೇಷ್ಮೆ ತ್ಯಾಜ್ಯಕ್ಕೆ ಈ ವಿದ್ಯೆ ಹೇಗೆ ಹೊಂದುತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಮಾಡಬೇಕು ಅನ್ನೋರಿಗೆ ಉಪಯೋಗ ಆಗಲಿ.

ಹಸಿ ಹಿಕ್ಕೆಯನ್ನ ನೇರ ಎರೆಹುಳಕ್ಕೆ ಹಾಕಬಾರದು. ಅದು ಕೊಳೆಯೋವಾಗ ಕಾವು ಏರುತ್ತೆ, ಹುಳ ಬೆಂದು ಸಾಯುತ್ತೆ ಇಲ್ಲಾ ಓಡಿಹೋಗುತ್ತೆ. ಮೊದಲು ಹಿಕ್ಕೆ, ಉಳಿದ ಸೊಪ್ಪು, ಕತ್ತರಿಸಿದ ಕಡ್ಡಿಯನ್ನ ಸಗಣಿ ಬಗ್ಗಡದ ಜೊತೆ ರಾಶಿ ಹಾಕಿ, ನೀರು ಚಿಮುಕಿಸಿ, ಎರಡು ಮೂರು ವಾರ ಬಿಡಬೇಕು. ಆ ಕಾವಿಗೇ ರೋಗದ ಕಾಟ ಬಹಳಷ್ಟು ಕಮ್ಮಿಯಾಗುತ್ತೆ. ಅದಕ್ಕೇ ರಾಶಿ ಹುಳದ ಮನೆಯಿಂದ ದೂರ ಇರಬೇಕು ಅನ್ನೋದು. ಕಾವು ಇಳಿದ ಮೇಲೆ ಮೂರ್ನಾಲ್ಕು ಅಡಿ ಅಗಲ, ಎರಡಡಿ ಎತ್ತರದ ತೊಟ್ಟಿಗೆ ತುಂಬಿ ಎರೆಹುಳ ಬಿಡೋದು. ಮೇಲೆ ನೆರಳು, ಸುತ್ತ ಇರುವೆ ಬಾರದ ಹಾಗೆ ನೀರಿನ ಕಾಲುವೆ. ತೇವ ಎಷ್ಟಿರಬೇಕು? ಹಿಡಿಯಲ್ಲಿ ತಗೊಂಡು ಹಿಂಡಿದ್ರೆ ಕೈಗೆ ಪಸೆ ಹತ್ತಬೇಕು, ನೀರು ತೊಟ್ಟಿಕ್ಕಬಾರದು. 45ರಿಂದ 60 ದಿನಕ್ಕೆ ಟೀಪುಡಿ ಥರ ಕಪ್ಪಗೆ, ಮಣ್ಣು ವಾಸನೆಯ ಗೊಬ್ಬರ. ನಾಲ್ಕೈದು ದಿನ ನೀರು ನಿಲ್ಲಿಸಿ ಗುಡ್ಡೆ ಮಾಡಿದ್ರೆ ಹುಳ ತಳಕ್ಕೆ ಇಳಿಯುತ್ತೆ, ಮೇಲಿನದ್ದು ಜರಡಿ ಹಿಡಿದುಕೊಳ್ಳೋದು.

ಇದರ ಅಸಲಿ ಬೆಲೆ ಗೊತ್ತಾಗೋದು ಸಸಿ ಬೆಳೆಸೋವಾಗ. ಹಿಪ್ಪುನೇರಳೆ ಬೀಜದಿಂದಲ್ಲ, ಕಡ್ಡಿಯಿಂದ ಬರೋದು. ಆರೆಂಟು ತಿಂಗಳು ಬಲಿತ ರೆಂಬೆಯಿಂದ ಪೆನ್ಸಿಲ್ ದಪ್ಪದ, ಮೂರು ನಾಲ್ಕು ಕಣ್ಣಿರೋ ತುಂಡು ಕತ್ತರಿಸಿ ಮಡಿಯಲ್ಲಿ ಊರೋದು. (ಸಸಿ ಬೆಳೆಸೋ ಪಾತಿಗೂ ‘ಮಡಿ’ ಅಂತಲೇ ಹೆಸರು. ಈ ಮಡಿಗೆ ಮಾತ್ರ ಗೊಬ್ಬರ ಹೊತ್ತವರ ಕೈ ಬೇಕೇ ಬೇಕು.) ಎಳೇ ಬೇರಿಗೆ ಹಸಿ ಗೊಬ್ಬರ ತಗುಲಿದ್ರೆ ಸುಟ್ಟುಹೋಗುತ್ತೆ. ಎರೆಗೊಬ್ಬರ ಸುಡಲ್ಲ, ತೇವ ಹಿಡಿದಿಡುತ್ತೆ, ಮಣ್ಣು ಸಡಿಲ ಇರುತ್ತೆ. ಮಣ್ಣು, ಮರಳು, ಗೊಬ್ಬರ ಸಮಸಮ ಬೆರೆಸಿ ಚೀಲಕ್ಕೆ ತುಂಬಿದರೂ ಆಯ್ತು. ಮೂರು ನಾಲ್ಕು ತಿಂಗಳಿಗೆ ನಾಟಿಗೆ ಸಸಿ ಸಿದ್ಧ.

ತೋಟದವರಿಗೆ ಈ ಗೊಬ್ಬರ ಯಾಕೆ ಬೇಕು ಅನ್ನೋದಕ್ಕೆ ಇನ್ನೊಂದು ಅಂಕಿ. ಈಗ ಎಲ್ಲೆಡೆ ಇರೋ ವಿ-1 ತಳಿಗೆ ನೀರಾವರಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ 350 ಕೆ.ಜಿ. ಸಾರಜನಕ, 140 ಕೆ.ಜಿ. ರಂಜಕ, 140 ಕೆ.ಜಿ. ಪೊಟ್ಯಾಷ್, ಜೊತೆಗೆ 20 ಟನ್ ಕೊಟ್ಟಿಗೆ ಗೊಬ್ಬರ ಅಂತ ಶಿಫಾರಸು. ದನ ಸಾಕೋರು ಕಮ್ಮಿಯಾದ ಮೇಲೆ 20 ಟನ್ ಗೊಬ್ಬರ ಎಲ್ಲಿಂದ ತರೋದು? ಹುಳದ ಮನೆಯ 12–15 ಟನ್ ತ್ಯಾಜ್ಯ ಕಣ್ಣ ಮುಂದೆ ಬಿದ್ದಿದೆ. ಹಾಗಾಗಿ ಇದು ಪುಕ್ಕಟೆ ಕಸವಾಗಿ ಉಳಿಯಲಿಲ್ಲ, ಸರಕಾಯ್ತು.

ಸರಕಾದ ತಕ್ಷಣ ಯಾರ ಕೈಗೆ ಹೋಯ್ತು? ಇಲ್ಲಿಗೆ ಬಂದು ನಿಲ್ಲುತ್ತೆ ನನ್ನ ತಕರಾರು.

ಎರೆಗೊಬ್ಬರಕ್ಕೆ ಹೊಲ ಬೇಡ. ತೊಟ್ಟಿಗೆ ಸ್ವಲ್ಪ ಜಾಗ, ನೆರಳು, ನೀರು, ತ್ಯಾಜ್ಯ ಸಾಕು. ಸಸಿಮಡಿಗೂ ಕೆಲವು ಗುಂಟೆ ಸಾಕು. ಭೂಮಿ ಇಲ್ಲದವರಿಗೆ ಹೇಳಿ ಮಾಡಿಸಿದ ಕೆಲಸ ಇದು. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೂ ಪರಿಶಿಷ್ಟರ, ಸಣ್ಣ ರೈತರ ಜಾಗದಲ್ಲಿ ಮಾಡೋ ಕೆಲಸಗಳು ಅಂತ ಪಟ್ಟಿ ಇತ್ತು, ಎರೆಗೊಬ್ಬರ ತೊಟ್ಟಿ ಕಾಮಗಾರಿಗಳಲ್ಲಿ ಸೇರಿತ್ತು. ಹೋದ ಕೆಲವು ವರ್ಷಗಳಲ್ಲಿ ನಮ್ಮ ಒಂದಿಷ್ಟು ಹೆಣ್ಣುಮಕ್ಕಳ ಜೊತೆ ನಾನೂ ಒಂದು ಕಚೇರಿಗೆ ಹೋಗಿದ್ದೆ. ಕೂತಿದ್ದವರು ತಲೆ ಎತ್ತಿ ಮೊದಲು ಕೇಳಿದ್ದು ‘ಪಹಣಿ ಎಲ್ಲಿ?’. ಪಹಣಿ ಇಲ್ಲ ಸಾರ್, ಕೂಲಿ ಮಾಡೋರು. ‘ಹಂಗಾದ್ರೆ ತೊಟ್ಟಿ ಎಲ್ಲಿ ಕಟ್ತೀರಾ?’ ಪ್ರಶ್ನೆ ಸರಿಯಾಗೇ ಇದೆ, ನೋಡಿ. ಅದೇ ತಿಪ್ಪೆಜಾಗದ ಪ್ರಶ್ನೆ. ನಮ್ಮಜ್ಜಿಗೆ ಊರು ಕೇಳಿದ್ದು, ನಮಗೆ ಕಚೇರಿ ಕೇಳ್ತು. ನಮ್ಮ ಜೊತೆ ಬಂದಿದ್ದ ಅಕ್ಕ ಒಬ್ಬರು, ಇಪ್ಪತ್ತು ವರ್ಷ ಹುಳದ ಮನೆಯಲ್ಲಿ ಹಿಕ್ಕೆ ತೆಗೆದವರು, ಅಲ್ಲೇ ಹೇಳಿದರು: ‘ಸ್ವಾಮಿ, ನಂಗೆ ತರಬೇತಿ ಬ್ಯಾಡ. ನಾನೇ ಕೊಡ್ತೀನಿ ಬೇಕಾದ್ರೆ. ನಂಗೆ ಜಾಗ ಬೇಕು.’

ನಮ್ಮ ಬಳಗದಲ್ಲೇ ಈ ಮಾತಿಗೆ ವಿರೋಧ ಇದೆ, ಅದನ್ನೂ ಹೇಳಬೇಕು. ‘ಮತ್ತೆ ಗೊಬ್ಬರಕ್ಕೇ ತಳ್ತೀಯಾ ನಮ್ಮ ಮಕ್ಕಳನ್ನ? ಬಾಬಾಸಾಹೇಬರು ಹಳ್ಳಿ ಬಿಡಿ ಅಂದ್ರು, ಕಸ ಮುಟ್ಟಬೇಡಿ ಅಂದ್ರು’ ಅಂತ ಗೆಳೆಯರು ಜಗಳ ಆಡಿದ್ದಾರೆ. ಅವರ ಸಿಟ್ಟು ನನ್ನದೂ ಹೌದು. ಕಸ ತೆಗೆಯೋದು ಪವಿತ್ರ ಸೇವೆ ಅಂತ ಗಾಂಧೀಜಿ ಹೊಗಳಿದ್ದನ್ನ ಬಾಬಾಸಾಹೇಬರು 1945ರ ಪುಸ್ತಕದಲ್ಲಿ ಚೆನ್ನಾಗಿ ತರಾಟೆಗೆ ತಗೊಂಡಿದ್ದಾರೆ. ಬಡತನವನ್ನ, ಬಲವಂತದ ಕಸುಬನ್ನ ಹಾಡಿ ಹೊಗಳೋದು ಮೋಸ. ಈಗಿನ ‘ಸಾವಯವ’ ಮೇಳಗಳಲ್ಲಿ ‘ನಮ್ಮ ಪೂರ್ವಜರ ಜ್ಞಾನ’ ಅಂತ ಭಾಷಣ ಮಾಡೋರ ಪೂರ್ವಜರು ಗೊಬ್ಬರದ ಬುಟ್ಟಿ ಹೊತ್ತವರಲ್ಲ, ಹೊರಿಸಿದವರು. ಅದಕ್ಕೇ ನನ್ನ ಮಾತು ಸ್ಪಷ್ಟ ಇರಲಿ: ಇದು ನಮ್ಮ ಕುಲಕಸುಬು ಅಂತಲ್ಲ, ಓದಿದ ಮಗಳು ಡಾಕ್ಟರೋ ವಕೀಲೆಯೋ ಆಗಲಿ. ಆದರೆ ನಲವತ್ತೈದು ವರ್ಷದ ಅವಳ ತಾಯಿ ಇವತ್ತೂ ಹಿಕ್ಕೆ ಹೊರ್ತಾ ಇದ್ದಾಳೆ, ದಿನಗೂಲಿಗೆ. ಹೊರೋ ಬುಟ್ಟಿ ಅದೇ. ಬುಟ್ಟಿ ಇಳಿಸೋ ಜಾಗ ಅವಳದ್ದಾದರೆ ಕೂಲಿ ಹೋಗಿ ವ್ಯಾಪಾರ ಆಗುತ್ತೆ. ಮುಟ್ಟೋದು ಬಿಡೋದಕ್ಕಿಂತ, ಮುಟ್ಟಿದ್ದು ಯಾರಿಗೆ ಸೇರುತ್ತೆ ಅನ್ನೋದು ನನಗೆ ದೊಡ್ಡದು.

ಹಣ ಇಲ್ಲ ಅನ್ನೋ ಹಾಗಿಲ್ಲ. 2013ರ ಕಾಯ್ದೆ ಪ್ರಕಾರ ಎಸ್‌ಸಿಎಸ್‌ಪಿ, ಟಿಎಸ್‌ಪಿ ಹಣ ಜನಸಂಖ್ಯೆಯ ಪಾಲಿಗೆ ತಕ್ಕಂತೆ ನಮಗೇ ಖರ್ಚಾಗಬೇಕು. ಬೇರೆ ಕಡೆಗೆ ಹಣ ಹರಿಸೋಕೆ ಕಿಂಡಿಯಾಗಿದ್ದ 7ಡಿ ಕಲಮನ್ನ 2023ರಲ್ಲಿ ತೆಗೆಸಿದ್ದೀವಿ. ಆಮೇಲೂ ಆ ಹಣ ಎಲ್ಲಿಗೆ ಹೋಗ್ತಿದೆ ಅನ್ನೋ ಜಗಳ ನಿಂತಿಲ್ಲ. ಜಾಗವೂ ಇಲ್ಲ ಅನ್ನೋ ಹಾಗಿಲ್ಲ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ಕಿತ್ತುಹಾಕಿ ರೈತರಲ್ಲದವರಿಗೂ ಕೃಷಿ ಜಮೀನು ಕೊಳ್ಳೋ ದಾರಿ ತೆಗೆದ ಸರ್ಕಾರಕ್ಕೆ, ಹಳ್ಳಿಯ ಸರ್ಕಾರಿ ಜಾಗದಲ್ಲಿ ಹತ್ತು ಹೆಣ್ಣುಮಕ್ಕಳ ಒಂದು ಸಂಘಕ್ಕೆ ಐದು ಗುಂಟೆ ಕೊಡೋದು ಎಷ್ಟು ಹೊತ್ತಿನ ಕೆಲಸ?

ತಲಘಟ್ಟಪುರದ ಸುತ್ತ ಈಗ ಹಿಪ್ಪುನೇರಳೆ ಹುಡುಕಬೇಕು. ನೈಸ್ ರಸ್ತೆ, ಅಪಾರ್ಟ್‌ಮೆಂಟು, ಮೆಟ್ರೋ ಕಂಬ. ಅಲ್ಲಿ ಕೂಲಿ ಮಾಡಿದವರ ಮಕ್ಕಳು ಅದೇ ಅಪಾರ್ಟ್‌ಮೆಂಟಿನ ಕಸ ಬೇರೆ ಮಾಡ್ತಿದ್ದಾರೆ, ಅದರ ಹಸಿ ಕಸದಿಂದ ಆದ ಗೊಬ್ಬರ ಅಲ್ಲಿನ ತೋಟಕ್ಕೇ ಹೋಗುತ್ತೆ. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ, ಆಚೆಗೆ ಶಿಡ್ಲಘಟ್ಟ, ಚಿಂತಾಮಣಿ ಕಡೆ ತೋಟ ಇನ್ನೂ ಇದೆ, ಹುಳದ ಮನೆ ಇದೆ, ಬಿಚ್ಚಾಣಿಕೆ ಇದೆ. ಅಲ್ಲಿ ಕೆಲಸ ಮಾಡೋ ಒಡನಾಡಿಗಳು ಮೂರು ವಿಷಯ ವಿಚಾರಿಸಿ. ನಿಮ್ಮ ತಾಲ್ಲೂಕಿನಲ್ಲಿ ಕಳೆದ ಐದು ವರ್ಷ ಎರೆಗೊಬ್ಬರ ತೊಟ್ಟಿಗೆ, ಹಿಪ್ಪುನೇರಳೆ ಸಸಿಮಡಿಗೆ ಸಹಾಯಧನ ಪಡೆದ ಫಲಾನುಭವಿಗಳಲ್ಲಿ ಪರಿಶಿಷ್ಟ ಜಾತಿಯವರು ಎಷ್ಟು, ಅದರಲ್ಲಿ ಹೆಣ್ಣುಮಕ್ಕಳು ಎಷ್ಟು, ಜಮೀನು ಇಲ್ಲದವರು ಎಷ್ಟು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಅರ್ಜಿಯ ಮಾದರಿ ನಾನು ಬರೆದಿಟ್ಟಿದ್ದೀನಿ, ಕೇಳಿದವರಿಗೆ ಕಳಿಸ್ತೀನಿ.

ಇನ್ನೊಂದು. ಮನೆಯಲ್ಲಿ ಹಿರಿಯರಿದ್ದರೆ ಇವತ್ತು ರಾತ್ರಿ ಊಟ ಆದ ಮೇಲೆ ಕೇಳಿ: ನಮ್ಮ ಕೇರಿಯ ತಿಪ್ಪೆ ಎಲ್ಲಿತ್ತು? ಇತ್ತಾ? ಅವರು ಹೇಳಿದ್ದನ್ನ ಹೇಳಿದ ಹಾಗೇ, ಊರಿನ ಹೆಸರು ಹಾಕಿ ಬರೆದು ಕಳಿಸಿ. ನಾನು ಒಟ್ಟು ಮಾಡ್ತಾ ಇದ್ದೀನಿ.

ಜೈಭೀಮ್.